ಸೇರಿನಡಿಯ ಮಾತು

ಚಾಮರಾಜಪೇಟೆಯ ಆ ಹಳೇ ಮನೆಯಲ್ಲಿ ಅತ್ತೆ ಸೊಸೆ ಮಾತು ಬಿಟ್ಟು ಹನ್ನೆರಡು ವರ್ಷವಾಗಿತ್ತು. ಹಾಗೆಂದು ಅದನ್ನು ಜಗಳಗಂಟರ ಮನೆ ಎಂದುಕೊಳ್ಳಬೇಡಿ. ಬೆಳಿಗ್ಗೆ ಎಂಟೂವರೆಗೆ ತಿಂಡಿ, ಮಧ್ಯಾಹ್ನ ಒಂದೂವರೆಗೆ ಊಟ, ಯಾವುದೂ ಹತ್ತು ನಿಮಿಷ ಹಿಂದೆ ಮುಂದೆ ಆಗುತ್ತಿರಲಿಲ್ಲ. ಅತ್ತೆ ತರಕಾರಿ ಹೆಚ್ಚಿಟ್ಟರೆ ಸೊಸೆ ಒಗ್ಗರಣೆ ಹಾಕುತ್ತಿದ್ದಳು. ಇಬ್ಬರ ನಡುವೆ ಹೇಳುವುದೇನಾದರೂ ಇದ್ದರೆ ಅದನ್ನು ದಾಟಿಸಲು ಮೂರನೆಯವರೊಬ್ಬರು ಬೇಕಾಗಿತ್ತು, ಅಷ್ಟೇ.

"ಕೈಲಾಸಾ, ನಿನ್ ಹೆಂಡ್ತಿಗೆ ಹೇಳು, ಉಪ್ಪಿಟ್ಟಿಗೆ ಉಪ್ಪು ಮುಂದಾಗಿದೆ," ಎಂದು ಗಿರಿಜಾಂಬಾ ತಮ್ಮ ಹಿರಿಯ ಮಗನಿಗೆ ಹೇಳುತ್ತಿದ್ದರು. ಆ ಹೆಂಡತಿ ಶಿವರಂಜಿನಿ ಎರಡು ಮಾರು ದೂರದಲ್ಲಿ ಒಲೆಯ ಮುಂದೆಯೇ ನಿಂತಿರುತ್ತಿದ್ದಳು.

"ರೀ, ಅತ್ತೆಗೆ ಹೇಳಿ, ಉಪ್ಪು ಹಾಕಿದ್ದು ಅವರೇ."

"ಅಮ್ಮ, ಉಪ್ಪು ಹಾಕಿದ್ದು ನೀನೇ ಅಂತೆ," ಎಂದು ಕೈಲಾಸ್ ತಟ್ಟೆಯಿಂದ ತಲೆ ಎತ್ತದೆ ದಾಟಿಸುತ್ತಿದ್ದ. ಅವನಿಲ್ಲದಾಗ ಆ ಕೆಲಸ ಅವನ ತಂದೆ ವೃಷಭೇಂದ್ರಪ್ಪನವರದು. ಇಬ್ಬರೂ ಇಲ್ಲದಾಗ ಕೈಲಾಸನ ಮಗಳು ಸಾನ್ವಿಯದು.

ಮಾತು ಬಿಟ್ಟದ್ದು ಕಿರಿಯ ಮಗ ಶಶಿಕಿರಣನ ಮದುವೆಯಲ್ಲಿ. ತಾಂಬೂಲಕ್ಕೆ ಐನೂರು ತೆಂಗಿನಕಾಯಿ ಶಿವರಂಜಿನಿಯ ತವರು ತಿಪಟೂರಿನಿಂದ ಬಂದಿದ್ದವು. ಅದರಲ್ಲಿ ಏಳೋ ಎಂಟೋ ಕೊಳೆತಿದ್ದವು. ಐನೂರರಲ್ಲಿ ಎಂಟು ಯಾವ ಮಹಾ, ಆದರೆ ಗಿರಿಜಾಂಬಾ ಛತ್ರದ ಉಗ್ರಾಣದ ಬಾಗಿಲಲ್ಲಿ ನಿಂತು, "ಬೀಗರು ನೋಡಿ ನೋಡಿ ಕೊಳೆತದ್ದನ್ನೇ ಆರಿಸಿ ಕಳಿಸಿದಾರೆ" ಎಂದುಬಿಟ್ಟರು. ಶಿವರಂಜಿನಿಯ ತಂದೆ ಅಲ್ಲೇ ಹಿಂದೆ ನಿಂತಿದ್ದರು. ಅವರು ಊಟ ಮಾಡದೆ ಬಸ್ಸು ಹತ್ತಿದರು. ಶಿವರಂಜಿನಿ ಮೂವತ್ತು ಜನ ನೆಂಟರ ಮುಂದೆ, ಇನ್ನು ಮೇಲೆ ಅತ್ತೆ ಜೊತೆ ಮಾತಾಡಲ್ಲ ಎಂದಳು. ಅದೇ ಮೂವತ್ತು ಜನರ ಮುಂದೆ ಗಿರಿಜಾಂಬಾ, ಅವಳ ಮಾತಿಲ್ಲದಿದ್ದರೆ ತನಗೇನೂ ಅನ್ನ ಸೇರದೆ ಹೋಗಲ್ಲ ಎಂದರು. ಮನೆಯೊಳಗೆ ಆಡಿದ್ದರೆ ವಾರದಲ್ಲಿ ಮರೆತುಹೋಗುತ್ತಿತ್ತು. ಮೂವತ್ತು ಜನರ ಮುಂದೆ ಆಡಿದ್ದನ್ನು ವಾಪಸ್ಸು ತೆಗೆದುಕೊಳ್ಳಲು ಇಬ್ಬರಿಗೂ ಆಗಲಿಲ್ಲ.

ಸಾನ್ವಿಗೆ ಆಗ ಹನ್ನೊಂದು ವರ್ಷ. ಅಂದಿನಿಂದ ಅವಳು ಮನೆಯ ಟಪಾಲು. ಅಜ್ಜಿ ಹೇಳಿದ್ದರಲ್ಲಿ ಯಾವ ಪದ ಕೈಬಿಡಬೇಕು, ಅಮ್ಮ ಹೇಳಿದ್ದಕ್ಕೆ ಎಲ್ಲಿ ಒಂದು 'ಪಾಪ' ಸೇರಿಸಬೇಕು ಎಂದು ಆರನೇ ಕ್ಲಾಸಿನಲ್ಲೇ ಕಲಿತುಬಿಟ್ಟಿದ್ದಳು. ಈಗ ಅವಳಿಗೆ ಇಪ್ಪತ್ತಮೂರು. ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನದ ಎಂ.ಎ. ಎರಡನೇ ವರ್ಷ. ಸೇರುವಾಗ ಕೈಲಾಸ್ ಕೇಳಿದ್ದ, "ಎಷ್ಟು ಭಾಷೆ ಕಲಿಸ್ತಾರೆ?"

"ಭಾಷೆ ಕಲಿಸಲ್ಲ ಅಪ್ಪ. ಜನ ಹೇಗೆ ಮಾತಾಡ್ತಾರೆ ಅನ್ನೋದನ್ನ ಓದ್ತೀವಿ."

"ಅದನ್ನ ನೋಡೋಕೆ ನಮ್ಮಂಗಡೀಲಿ ಕೂತ್ರೆ ಸಾಲದಾ? ಫೀಸೂ ಉಳಿಯುತ್ತೆ."

ತರಗುಪೇಟೆಯಲ್ಲಿ ಅವರದು ಮೂರು ತಲೆಮಾರಿನ ಬೇಳೆ ಮಂಡಿ. ಎರಡು ವರ್ಷ ಓದಲಿ, ಆಮೇಲೆ ಬಂದು ಮಂಡಿಯ ಕಂಪ್ಯೂಟರ್ ಮುಂದೆ ಕೂರಲಿ ಎಂಬುದು ಕೈಲಾಸನ ಲೆಕ್ಕ. ಸಾನ್ವಿಯ ಲೆಕ್ಕ ಬೇರೆ. ಎಂ.ಎ. ಮುಗಿದ ಮೇಲೆ ಮೈಸೂರಿಗೆ ಹೋಗಿ ಸಂಶೋಧನೆ ಮಾಡಬೇಕು. ಅದಕ್ಕೆ ಎರಡು ಬೇಕಿತ್ತು. ಒಂದು, ಈ ವರ್ಷದ ಕಿರುಪ್ರಬಂಧ ಚೆನ್ನಾಗಿ ಬರಬೇಕು. ಇನ್ನೊಂದು, ಹಾಸ್ಟೆಲ್ಲಿನ ಅರ್ಜಿಯ ಮೇಲೆ ಅಪ್ಪನ ಸಹಿ. ಮಾರ್ಚ್ ಕೊನೆಯೊಳಗೆ ಎರಡೂ ಆಗಬೇಕಿತ್ತು.

ಅವಳು ಆರಿಸಿಕೊಂಡ ವಿಷಯ, ಮನೆಯೊಳಗೆ ಹೆಂಗಸರು ಒಬ್ಬರಿಗೊಬ್ಬರು ಹೇಗೆ ಮಾತಾಡುತ್ತಾರೆ ಎಂಬುದು. ಬೇರೆಯವರ ಮನೆಗೆ ಹೋಗಿ ಕೂರುವುದಕ್ಕಿಂತ ತನ್ನ ಮನೆಯೇ ವಾಸಿ ಎಂದುಕೊಂಡಳು. ಇದು ಎಂಥ ಎಡವಟ್ಟು ಎಂದು ಹೊರಗಿನವರಿಗೆ ತಕ್ಷಣ ಹೊಳೆಯುತ್ತಿತ್ತು. ಹನ್ನೆರಡು ವರ್ಷ ಟಪಾಲು ಹೊತ್ತವಳಿಗೆ ಅದೇ ಸಹಜವಾಗಿಬಿಟ್ಟಿತ್ತು, ಹೊಳೆಯಲಿಲ್ಲ.

ಸಂಕ್ರಾಂತಿ ಕಳೆದ ವಾರ ಅಂಗೈಯಗಲದ ರೆಕಾರ್ಡರೊಂದನ್ನು ವಿಭಾಗದಿಂದ ತಂದು ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಜಾಡಿಯ ಪಕ್ಕ ಇಟ್ಟಳು. ತಿಂಡಿಯ ಹೊತ್ತಿಗೆ ಎಲ್ಲರನ್ನೂ ಕೂರಿಸಿ ವಿವರಿಸಿದಳು. ಇದು ಎಲ್ಲ ಮಾತನ್ನೂ ಹಿಡಿಯುತ್ತದೆ. ಆಮೇಲೆ ಅವಳು ಅದನ್ನು ಅಕ್ಷರ ಅಕ್ಷರ ಬರೆಯುತ್ತಾಳೆ. ಬರೆದದ್ದನ್ನು ಮಾತಾಡಿದವರಿಗೇ ಓದಿ ಹೇಳುತ್ತಾಳೆ. ಅವರು ಒಪ್ಪಿ ಸಹಿ ಹಾಕಿದರೆ ಮಾತ್ರ ಬಳಸಬಹುದು, ಇಲ್ಲದಿದ್ದರೆ ಮುಟ್ಟುವಂತಿಲ್ಲ.

"ನಮ್ಮ ಮಾತಿಗೆ ನಾವೇ ಸಹಿ ಹಾಕ್ಬೇಕಾ?" ಎಂದರು ವೃಷಭೇಂದ್ರಪ್ಪ. ಅವರಿಗೆ ಎಪ್ಪತ್ತಾರು. "ಒಳ್ಳೇ ಪದ್ಧತಿ. ಮಂಡೀಲೂ ಇದನ್ನ ತರಬೇಕು."

ಮೊದಲ ಹತ್ತು ದಿನ ಮನೆಯವರೆಲ್ಲ ಮಷಿನ್ನಿಗಾಗಿಯೇ ಮಾತಾಡಿದರು. ತಾತ ಗೂಡಿನ ಮುಂದೆ ನಿಂತು ಗಂಟಲು ಸರಿ ಮಾಡಿಕೊಂಡು, "ಈ ದಿನ ಬೆಳಗ್ಗೆ ನಾವು ದೋಸೆಯನ್ನು ಸೇವಿಸಿದೆವು" ಎಂದು ವರದಿ ಒಪ್ಪಿಸುತ್ತಿದ್ದರು. ಅಪ್ಪ ಅಡುಗೆಮನೆಗೇ ಬರುವುದನ್ನು ಬಿಟ್ಟ. ಗಿರಿಜಾಂಬಾ ಮತ್ತು ಶಿವರಂಜಿನಿಗೆ ಮಾತ್ರ ಹೊಸ ಟಪಾಲು ಸಿಕ್ಕಿತು.

"ಸಾನ್ವಿ ಮಷಿನ್ನೇ, ಬರ್ಕೋ. ಈ ಮನೇಲಿ ಕೊತ್ತಂಬರಿ ಸೊಪ್ಪನ್ನ ಬೇರು ಸಮೇತ ಹೆಚ್ತಾರೆ," ಎನ್ನುತ್ತಿದ್ದಳು ಶಿವರಂಜಿನಿ.

"ಸಾನ್ವಿ ಮಷಿನ್ನೇ, ಇದನ್ನೂ ಬರ್ಕೋ. ಬೇರು ಬಿಡಿಸಿ ಕೊಡೋ ಕೆಲಸ ಯಾರದು ಅಂತ ಕೇಳು."

ಅವಳ ಮಾರ್ಗದರ್ಶಿ ಸುಪ್ರಜಾ ಮೇಡಂ ಇದನ್ನೆಲ್ಲ ಕೇಳಿ ಮೊದಲು ನಕ್ಕರು. ನಗು ಮುಗಿದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸಾನ್ವಿ, ತುಂಬಾ ತಮಾಷೆಯಾಗಿದೆ. ಆದ್ರೆ ನಿನ್ನ ಎರಡು ಮುಖ್ಯ ವ್ಯಕ್ತಿಗಳ ನಡುವೆ ಒಂದೇ ಒಂದು ಮಾತಿಲ್ಲ. ನೀನು ಏನನ್ನ ಬರೀತೀಯ?"

"ಇಬ್ಬರೂ ಹೀಗೇ ಮೇಡಂ."

"ನೀನು ಎದುರಿದ್ದಾಗ ಹೀಗೆ. ನೀನು ಕ್ಲಾಸಿಗೆ ಬಂದಾಗ್ಲೂ ಅದನ್ನ ಓಡೋಕೆ ಬಿಡು. ಮುಂಚೆ ಹೇಳಿಯೇ ಬಿಡು. ಎರಡು ದಿನಕ್ಕೆ ಮರೀತಾರೆ."

ಅದೇ ದಿನ ಸಂಜೆ ಸಾನ್ವಿ ಅಪ್ಪನಿಗೆ ಕಾಫಿ ಕೊಟ್ಟು, ಅಂಗಡಿಯ ಸುದ್ದಿಯನ್ನೆಲ್ಲ ಕೇಳಿ ಮುಗಿಸಿ, ಮೈಸೂರಿನ ಮಾತು ತೆಗೆದಳು.

"ನನ್ನದೇನಿದೆ ಕಣೆ," ಎಂದ ಕೈಲಾಸ್. "ನಿಮ್ಮಜ್ಜಿ ಒಪ್ಪಲ್ಲ. ಮದುವೆ ವಯಸ್ಸಿನ ಹುಡುಗಿ ಹಾಸ್ಟೆಲ್ಲಲ್ಲಿ ಯಾಕಿರ್ಬೇಕು ಅಂತಾರೆ. ನಿಮ್ಮಮ್ಮನೂ ಬೇಡವೇ ಬೇಡ ಅಂತಾಳೆ. ಅವರಿಬ್ಬರೂ ಒಪ್ಪಿದ್ರೆ ನಾನು ಇವತ್ತೇ ಸಹಿ ಹಾಕ್ತೀನಿ."

ಅಮ್ಮನನ್ನು ಕೇಳಿದರೆ, "ನೋಡೋಣ" ಎಂದಳು. ಅಜ್ಜಿಯೂ "ನೋಡೋಣ" ಎಂದರು. ಬೇರೆ ಯಾವುದಕ್ಕೂ ಒಂದಾಗದವರು ತನ್ನನ್ನು ಮನೆಯಲ್ಲಿ ಕೂರಿಸುವುದಕ್ಕೆ ಮಾತ್ರ ಒಂದಾಗಿದ್ದಾರೆ ಎಂದು ಸಾನ್ವಿಗೆ ಬೇಜಾರಾಯಿತು. ಎರಡು ದಿನ ಯಾರ ಟಪಾಲನ್ನೂ ದಾಟಿಸಲಿಲ್ಲ.

ಫೆಬ್ರವರಿಯ ಒಂದು ಮಂಗಳವಾರ, ನಾನಿಲ್ಲದಾಗಲೂ ಮಷಿನ್ ಓಡ್ತಿರುತ್ತೆ ಎಂದು ಎಲ್ಲರಿಗೂ ಹೇಳಿ, ಗುಂಡಿ ಒತ್ತಿ, ಅವಳು ಬಸ್ಸು ಹತ್ತಿದಳು. ಅಪ್ಪ ಆಗಲೇ ಮಂಡಿಗೆ ಹೊರಟುಹೋಗಿದ್ದ. ತಾತ ಹತ್ತೂವರೆಗೆ ಕೊಡೆ ಹಿಡಿದು ನಡೆದುಕೊಂಡು ಹೋಗುವವರು. ಸಂಜೆ ಬಂದು ನೋಡಿದರೆ ರೆಕಾರ್ಡರ್ ಅದೇ ಗೂಡಿನಲ್ಲಿ, ಇಟ್ಟ ಹಾಗೆಯೇ ಇತ್ತು. ಕೋಣೆಗೆ ಹೋಗಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮಂಚದ ಮೇಲೆ ಕೂತಳು. ಮೊದಲ ಒಂದು ಗಂಟೆ ನಲ್ಲಿ, ಮಿಕ್ಸಿ, ತಾತನ ಕೆಮ್ಮು. ಆಮೇಲೆ ಮುಂಬಾಗಿಲು ಹಾಕಿದ ಸದ್ದು. ಆಮೇಲೆ ಕಿವಿಯ ಪಕ್ಕದಲ್ಲೇ ಢಣ್ ಎಂದಿತು.

"ಬೋರಲು ಹಾಕ್ದೆ. ಇನ್ನು ಕೇಳ್ಸಲ್ಲ ಬಿಡು," ಅಜ್ಜಿಯ ಧ್ವನಿ. ಬಾವಿಯ ತಳದಿಂದ ಬಂದ ಹಾಗಿತ್ತು.

"ಕೇಳ್ಸಲ್ವಾ ಅತ್ತೆ? ಕೆಂಪು ದೀಪ ಉರೀತಾನೇ ಇತ್ತು."

"ಸೇರು ಕಬ್ಬಿಣದ್ದು ಕಣೆ. ಅದರೊಳಗೆ ಇಟ್ರೆ ಫೋನೂ ಬರಲ್ಲ. ನೀನು ಕೂತ್ಕೋ ಮೊದ್ಲು. ಮಂಡಿ ನೋವು ಹೇಗಿದೆ ಇವತ್ತು?"

"ನೀವು ನಿನ್ನೆ ಎಣ್ಣೆ ಹಚ್ಚಿದ್ಮೇಲೆ ಪರವಾಗಿಲ್ಲ ಅತ್ತೆ."

ಸಾನ್ವಿ ರೆಕಾರ್ಡರ್ ನಿಲ್ಲಿಸಿದಳು. ಮತ್ತೆ ಹಿಂದಕ್ಕೆ ಹೋಗಿ ಕೇಳಿದಳು. ಮೂರನೇ ಸಲವೂ ಅದೇ ಎರಡು ಧ್ವನಿ. ಅಕ್ಕಿ ಅಳೆಯುವ ಹಳೇ ಸೇರನ್ನು ಮಷಿನ್ನಿನ ಮೇಲೆ ಕವುಚಿ ಹಾಕಿ, ಹನ್ನೆರಡು ವರ್ಷ ಮಾತು ಬಿಟ್ಟ ಅತ್ತೆ ಸೊಸೆ ಅವರೆಕಾಳು ಹಿತಕುತ್ತಾ ಕೂತಿದ್ದರು. ನೆನೆದ ಕಾಳಿನ ಸಿಪ್ಪೆ ಬಿಡಿಸುವ ಪಚಪಚ ಸದ್ದೂ ಸಣ್ಣಗೆ ಕೇಳುತ್ತಿತ್ತು. ಸೇರು ಏನನ್ನೂ ತಡೆದಿರಲಿಲ್ಲ.

ಒಂದು ಗಂಟೆ ಐವತ್ತು ನಿಮಿಷ ಅವರು ಮಾತಾಡಿದ್ದರು. ಶಶಿಕಿರಣನ ಹೆಂಡತಿ ತಂದ ಸೀರೆಯ ಬಣ್ಣ, ವೃಷಭೇಂದ್ರಪ್ಪನವರ ಗೊರಕೆ, ಕೈಲಾಸನ ಹೊಟ್ಟೆ, ತಿಪಟೂರಿನ ತಂದೆಗೆ ಕಣ್ಣಿನ ಪೊರೆ ತೆಗೆಸಿದ್ದು. ನಡುನಡುವೆ ಸಾನ್ವಿ ಹನ್ನೆರಡು ವರ್ಷದಿಂದ ಕೇಳಿರದ ನಗು. ಕೊನೆಯ ಕಾಲು ಗಂಟೆ ಅವಳ ವಿಷಯ.

"ಅತ್ತೆ, ನಿಮ್ಮಗ ನಿನ್ನೆ ಏನಂದ್ರು ಗೊತ್ತಾ? ಮಗೂನ ಮೈಸೂರಿಗೆ ಕಳಿಸೋದು ನಿಮಗೆ ಇಷ್ಟ ಇಲ್ವಂತೆ."

"ನನಗಾ? ನನ್ ಹತ್ರ, ರಂಜಿನಿ ಬೇಡ ಅಂತಾಳೆ ಅಂದ."

"ನಾನೆಲ್ಲಿ ಬೇಡ ಅಂದೆ? ನನ್ನ ಬಿ.ಎಡ್ಡೇ ಅರ್ಧಕ್ಕೆ ನಿಂತು ಇಲ್ಲಿಗೆ ಬಂದೆ. ಅವಳದ್ದಾದ್ರೂ ಪೂರ್ತಿ ಆಗ್ಲಿ."

"ಹೋಗ್ಲಿ, ಓದ್ಲಿ ಕಣೆ. ಈ ಬೇಳೆ ಧೂಳು ಎಲ್ಲಿಗೂ ಓಡಿಹೋಗಲ್ಲ." ಸಿಪ್ಪೆಯ ಗುಡ್ಡೆ ಪಕ್ಕಕ್ಕೆ ಸರಿಸಿದ ಸದ್ದು. "ಈಗ ಅವನಿಗೆ ಹೇಳೋದು ಹೇಗೆ? ಸುಳ್ಳು ಯಾಕೋ ಹೇಳ್ತೀಯ ಅಂದ್ರೆ, ಸುಳ್ಳು ಅಂತ ನಿನಗೆ ಹೇಗ್ ಗೊತ್ತು ಅಂತಾನೆ."

"ಅದೇ ಅತ್ತೆ. ನಾನೂ ಅದನ್ನೇ ಯೋಚ್ನೆ ಮಾಡ್ತಿದೀನಿ."

ಒಂದು ಗಂಟೆಗೆ ಸೇರು ಎತ್ತಿದ ಸದ್ದು. ತಾತ ಬಂದು ಚಪ್ಪಲಿ ಬಿಟ್ಟ ಸದ್ದು. ಅದರ ಹಿಂದೆಯೇ ಅಜ್ಜಿ ಸ್ಪಷ್ಟವಾಗಿ, ಬೇರೆಯೇ ಧ್ವನಿಯಲ್ಲಿ, "ನೋಡಿ, ನಿಮ್ ಸೊಸೆಗೆ ಹೇಳಿ, ತಟ್ಟೆ ಹಾಕ್ಲಿ" ಎಂದರು.

ಅಂದು ರಾತ್ರಿಯ ಊಟಕ್ಕೆ ಹಿತಕಿದ ಬೇಳೆ ಸಾರು. ಅಜ್ಜಿ ಅವಳ ಕಡೆ ತಿರುಗಿ, "ಸಾನ್ವಿ, ನಿಮ್ಮಮ್ಮನಿಗೆ ಹೇಳು, ಖಾರ ಸಾಲದು" ಎಂದಾಗ ಸಾನ್ವಿಗೆ ನಗು ಬರಲಿಲ್ಲ, ಸಿಟ್ಟು ಬಂತು. ಪರೀಕ್ಷೆಗೆ ಓದುತ್ತಿದ್ದಾಗಲೂ ಎದ್ದು ಬಂದು ಇವರ ಮಾತು ದಾಟಿಸಿದ್ದಳು. ಜ್ವರ ಬಂದಾಗಲೂ ದಾಟಿಸಿದ್ದಳು. ಎಲ್ಲಿ ಒಂದು ಪದ ಹೆಚ್ಚುಕಮ್ಮಿಯಾಗಿ ಮನೆ ಒಡೆದುಹೋಗುತ್ತದೋ ಎಂದು ಹೆದರಿ ಹೆದರಿ ದೊಡ್ಡವಳಾಗಿದ್ದಳು. ಆದರೂ ಆ ಹೊತ್ತಿನಲ್ಲಿ, "ಅಮ್ಮ, ಖಾರ ಸಾಲದಂತೆ" ಎಂದಳು.

ಒಂದು ವಾರ ಅವಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಪ್ರಬಂಧಕ್ಕೆ ಬೇಕಾದದ್ದೆಲ್ಲ ಆ ಎರಡು ಗಂಟೆಯಲ್ಲಿತ್ತು. ಹೆಸರು ಬದಲಾಯಿಸಿ ಹಾಕಿಬಿಟ್ಟರೆ ಮನೆಯಲ್ಲಿ ಓದುವವರು ಯಾರು? ಆದರೆ ಸಹಿ ಇಲ್ಲದ್ದನ್ನು ಮುಟ್ಟುವಂತಿಲ್ಲ ಎಂದು ತಾನೇ ಎಲ್ಲರನ್ನೂ ಕೂರಿಸಿ ಹೇಳಿದ್ದಳು. ಅಪ್ಪನ ಸುಳ್ಳನ್ನು ಎತ್ತಿ ಆಡೋಣವೆಂದರೆ, ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಅವಳಿಗೂ ಬರುತ್ತಿತ್ತು. ಅಜ್ಜಿ ಅಮ್ಮ ಸಿಕ್ಕಿಕೊಂಡ ಗಂಟಿನಲ್ಲೇ ಅವಳೂ ಸಿಕ್ಕಿಕೊಂಡಳು.

ಕೊನೆಗೆ ಒಂದು ದಿನ ಕ್ಲಾಸು ತಪ್ಪಿಸಿ, ತಾತನ ಕೊಡೆ ತಿರುವು ದಾಟಿದ ಮೇಲೆ ವಾಪಸ್ಸು ಬಂದು ಬೆಲ್ಲು ಒತ್ತಿದಳು. ಅಮ್ಮ ಬಾಗಿಲು ತೆರೆದಳು. ಅಡುಗೆಮನೆಯಲ್ಲಿ ಎರಡು ಕಾಫಿ ಲೋಟ ಅಕ್ಕಪಕ್ಕ ಇದ್ದವು.

"ಸಾನ್ವಿ, ನಿಮ್ಮಮ್ಮನಿಗೆ ಕೇಳು, ಮಗು ಯಾಕೆ ಇಷ್ಟು ಬೇಗ ಬಂದಿದೆ," ಎಂದರು ಗಿರಿಜಾಂಬಾ. ಗಡಿಬಿಡಿಯಲ್ಲಿ ಯಾರಿಗೆ ಯಾರ ಕೈಲಿ ಕೇಳಿಸಬೇಕೆಂಬುದೂ ಅವರಿಗೆ ತಪ್ಪಿಹೋಯಿತು.

ಸಾನ್ವಿ ನೆಲದ ಮೇಲೆ ಕೂತು, ಬರೆದ ಹಾಳೆಗಳನ್ನು ಚೀಲದಿಂದ ತೆಗೆದಳು. "ಓದಿ ಹೇಳ್ಬೇಕು ಅಂತ ನಿಯಮ ಇದೆ," ಎಂದು ಶುರು ಮಾಡಿದಳು. ಬೋರಲು ಹಾಕ್ದೆ, ಇನ್ನು ಕೇಳ್ಸಲ್ಲ ಬಿಡು. ಕೇಳ್ಸಲ್ವಾ ಅತ್ತೆ, ಕೆಂಪು ದೀಪ ಉರೀತಾನೇ ಇತ್ತು. ಅರ್ಧ ಪುಟ ಓದುವಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ಇಬ್ಬರೂ ಏಳಲಿಲ್ಲ. ಸಾನ್ವಿಯೇ ಎದ್ದು ಆರಿಸಿದಳು.

"ನಾನು ಸೇರು ಮುಚ್ಚಿದ್ನಲ್ಲೇ," ಎಂದರು ಗಿರಿಜಾಂಬಾ.

"ನಾನು ಹೇಳ್ದೆ ಅತ್ತೆ, ದೀಪ ಉರೀತಿದೆ ಅಂತ. ನೀವು ಕೇಳ್ಲಿಲ್ಲ."

"ನೀನು ಇನ್ನೊಂದು ಸಲ ಗಟ್ಟಿಯಾಗಿ ಹೇಳ್ಬೇಕಿತ್ತು."

"ಹೇಳಿದ್ರೆ ಕೇಳ್ತಿದ್ರಾ?"

ಅವಳೆದುರಿಗೇ ಜಗಳ ನಡೆಯುತ್ತಿತ್ತು, ನೇರವಾಗಿ, ಮಧ್ಯೆ ಯಾರೂ ಇಲ್ಲದೆ. ಸಾನ್ವಿಗೆ ಯಾಕೋ ಕಣ್ಣು ತುಂಬಿ ಬಂತು.

"ಎಷ್ಟು ವರ್ಷದಿಂದ?" ಎಂದು ಕೇಳಿದಳು.

ಶಿವರಂಜಿನಿ ಅತ್ತೆಯ ಮುಖ ನೋಡಿದಳು. "ಲಾಕ್‌ಡೌನ್ ಮುಗಿದು ನೀವೆಲ್ಲ ಹೊರಗೆ ಹೋದ್ರಲ್ಲ, ಆ ಮೊದಲ್ನೇ ದಿನದಿಂದ. ಮನೆ ಬಿಕೋ ಅಂತಿತ್ತು. ಕಾಫಿ ಕುಡೀತೀಯಾ ಅಂದ್ರು. ಹೂಂ ಅಂದೆ."

"ನನಗಾದ್ರೂ ಹೇಳ್ಬಹುದಿತ್ತು. ಹನ್ನೊಂದು ವರ್ಷದವಳಿದ್ದಾಗಿಂದ ನಿಮ್ಮಿಬ್ಬರದ್ದೂ ಹೊತ್ತಿದೀನಿ."

"ಹೇಳ್ಬಹುದಿತ್ತು," ಎಂದಳು ಅಮ್ಮ. ಮಗಳ ತಲೆ ಸವರಲು ಕೈ ಚಾಚಿ, ಕೈಗೆ ಹಿಟ್ಟು ಮೆತ್ತಿದ್ದು ನೋಡಿ ಹಿಂದೆಗೆದುಕೊಂಡಳು.

ಸಾನ್ವಿ ಒಪ್ಪಿಗೆ ಪತ್ರವನ್ನು ಮುಂದಿಟ್ಟಳು. ಗಿರಿಜಾಂಬಾ ಅದನ್ನು ತಿರುಗಿಸಿಯೂ ನೋಡದೆ ಅವಳತ್ತಲೇ ಸರಿಸಿದರು. "ಇದೊಂದು ಬೇಡ ಮಗಾ. ಇನ್ನೇನು ಬೇಕಾದ್ರೂ ಕೇಳು."

"ಅಮ್ಮ?"

"ಅತ್ತೆ ಹೇಳಿದ್ದೇ ನನ್ನದೂ."

ಅವರು ಕಾರಣ ಹೇಳಲಿಲ್ಲ, ಸಾನ್ವಿ ಒತ್ತಾಯ ಮಾಡಲಿಲ್ಲ. ಹಾಳೆಗಳನ್ನು ಅಜ್ಜಿಯೇ ತಮ್ಮ ಬೀರುವಿನಲ್ಲಿ ಮಡಿಸಿಟ್ಟರು. ಮರುದಿನ ಅವಳು ಸುಪ್ರಜಾ ಮೇಡಂಗೆ, ಏನೂ ಸಿಗಲಿಲ್ಲ ಎಂದಳು. ಅವರು ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಮಾರ್ಚ್ ಮೂರನೇ ವಾರದವರೆಗೆ ಸಮಯ ಕೊಟ್ಟರು. ಅಷ್ಟರೊಳಗೆ ಬೇರೆ ವಿಷಯ ಹುಡುಕಿ ಬರೆಯುವುದು ಆಗದ ಮಾತು ಎಂದು ಇಬ್ಬರಿಗೂ ಗೊತ್ತಿತ್ತು. ಮನೆಯಲ್ಲಿ ಕೈಲಾಸ್ ಮಂಡಿಗೆ ಹೊಸ ಕುರ್ಚಿ ತರಿಸಿದ. ಯುಗಾದಿ ಕಳೆದ ಮೇಲೆ ಬಂದು ಕೂತ್ಕೋ, ಬೆನ್ನು ನೋವು ಬರದಂಥದ್ದು ಎಂದು ಮಗಳಿಗೆ ಅದರ ಫೋಟೋ ತೋರಿಸಿದ. ಅವನ ಖುಷಿ ನೋಡಿ ಸಾನ್ವಿಗೆ ಬೈಯಲೂ ಮನಸ್ಸಾಗಲಿಲ್ಲ.

ಒಂದೇ ಒಂದು ಬದಲಾವಣೆಯಾಗಿತ್ತು. ಅವಳು ಮಧ್ಯಾಹ್ನ ಮನೆಯಲ್ಲಿದ್ದ ದಿನ ಕಾಫಿ ಲೋಟ ಮೂರಾಗುತ್ತಿದ್ದವು. ಇಬ್ಬರೂ ಅವಳ ಮುಂದೆ ಎಗ್ಗಿಲ್ಲದೆ ಮಾತಾಡುತ್ತಿದ್ದರು. ತಾತನ ಚಪ್ಪಲಿ ಸದ್ದಾದ ಕೂಡಲೇ ಅಜ್ಜಿ ಒಂದು ಮಣೆ ದೂರ ಸರಿಯುತ್ತಿದ್ದರು. ಆ ಎರಡು ಗಂಟೆಯಲ್ಲಿ ಅವಳಿಗೆ ಮೈಸೂರೂ ಪ್ರಬಂಧವೂ ಮರೆತುಹೋಗುತ್ತಿತ್ತು. ಕೋಣೆಗೆ ಹೋಗಿ ಖಾಲಿ ಹಾಸ್ಟೆಲ್ ಅರ್ಜಿ ನೋಡಿದಾಗ ಮತ್ತೆ ನೆನಪಾಗುತ್ತಿತ್ತು.

ಮಾರ್ಚ್ ಎರಡನೇ ಭಾನುವಾರ ಎಲ್ಲರೂ ಮನೆಯಲ್ಲಿದ್ದರು. ಹೊಸ ಮಾವಿನಕಾಯಿ ಬಂದಿತ್ತು, ಮಾವಿನಕಾಯಿ ಚಿತ್ರಾನ್ನ ಮಾಡಿದ್ದರು. ಶಿವರಂಜಿನಿ ಬಡಿಸುತ್ತಿದ್ದಳು. ಉಳಿದ ನಾಲ್ವರೂ ಊಟಕ್ಕೆ ಕೂತಿದ್ದರು. ವೃಷಭೇಂದ್ರಪ್ಪ ಎರಡನೇ ಸಲ ಹಾಕಿಸಿಕೊಳ್ಳುತ್ತಾ ಕೇಳಿದರು, "ಸಾನ್ವಿ, ಆ ಮೈಸೂರಿಂದು ಏನಾಯ್ತು?"

ಸಾನ್ವಿ ತಟ್ಟೆ ನೋಡಿದಳು.

"ಎಲ್ಲಿ ಆಗುತ್ತೆ ಅಪ್ಪ," ಎಂದ ಕೈಲಾಸ್. "ಅಮ್ಮನಿಗೆ ಇಷ್ಟ ಇಲ್ಲ. ರಂಜಿನಿಗೂ ಇಷ್ಟ ಇಲ್ಲ. ಇಬ್ಬರನ್ನೂ ಕೇಳಿ ಕೇಳಿ ಸಾಕಾಯ್ತು. ನಾನೊಬ್ಬ ಏನ್ ಮಾಡ್ಲಿ ಹೇಳಿ."

ಇಬ್ಬರೂ ಅಲ್ಲೇ ಇದ್ದರು, ಆದರೂ ಅವನು ಧೈರ್ಯವಾಗಿ ಹೇಳಿದ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳಿ ತಾಳೆ ನೋಡುವ ಮನೆ ಅದಲ್ಲವೆಂದು ಅವನಿಗೆ ಹನ್ನೆರಡು ವರ್ಷದ ಅನುಭವವಿತ್ತು. ಗಿರಿಜಾಂಬಾ ಮೊಮ್ಮಗಳನ್ನು ನೋಡಿದರು. ಅವಳ ಬೆರಳು ಅನ್ನವನ್ನು ಸುಮ್ಮನೆ ಕಲಸುತ್ತಿತ್ತು. ಅವರು ತಮ್ಮ ತಟ್ಟೆಯನ್ನು ಸ್ವಲ್ಪ ಮುಂದೆ ತಳ್ಳಿದರು.

"ಶಿವರಂಜಿನಿ," ಎಂದರು.

ವೃಷಭೇಂದ್ರಪ್ಪನವರ ಕೈ ಬಾಯಿಯ ಹತ್ತಿರವೇ ನಿಂತಿತು.

"ನಾನು ಯಾವಾಗಮ್ಮ ಇಷ್ಟ ಇಲ್ಲ ಅಂದೆ?"

ಶಿವರಂಜಿನಿಯ ಕೈಲಿ ಅನ್ನದ ಸೌಟು ಹಾಗೇ ಇತ್ತು. ಅವಳು ಗಂಡನನ್ನು ನೋಡಲಿಲ್ಲ, ಮಾವನನ್ನು ನೋಡಲಿಲ್ಲ. "ಅಂದಿಲ್ಲ ಅತ್ತೆ. ಅವತ್ತು ಅವರೆಕಾಳು ಹಿತಕುವಾಗ, ಹೋಗ್ಲಿ, ಓದ್ಲಿ ಅಂದ್ರಿ."

"ನೀನೇನಂದೆ?"

"ಅವಳದ್ದಾದ್ರೂ ಪೂರ್ತಿ ಆಗ್ಲಿ ಅಂದೆ."

"ಹಾಗಾದ್ರೆ ನನ್ ಮಗ ಯಾರ ಮಾತು ತಂದು ಇಲ್ಲಿ ಹೇಳ್ತಿದಾನೆ?"

ಕೈಲಾಸನ ಮುಖ ಕಪ್ಪಿಟ್ಟಿತು. ಆದರೆ ಅವನಿಗಿಂತ ಹೆಚ್ಚು ಪೆಟ್ಟು ಬಿದ್ದದ್ದು ಅವನ ತಂದೆಗೆ. ತುತ್ತನ್ನು ತಟ್ಟೆಗೆ ಹಾಕಿ, "ನೀವಿಬ್ರೂ ಮಾತಾಡ್ತೀರಾ?" ಎಂದರು.

"ಐದು ವರ್ಷದಿಂದ," ಎಂದರು ಗಿರಿಜಾಂಬಾ. "ನೀವು ಅಂಗಡಿಗೆ ಹೋದ್ಮೇಲೆ."

"ಇವತ್ತು ಬೆಳಿಗ್ಗೆ ತಾನೇ ಮೆಂತ್ಯದ ಸಮಾಚಾರ ನನ್ ಕೈಲಿ ಹೇಳ್ಸಿದ್ಯಲ್ಲ."

"ಅದು ನಿಮ್ಮ ಮುಂದೆ."

"ಯಾಕೆ ಗಿರಿಜಾ? ನಾವೇನು ಬೇಡ ಅಂತಿದ್ವಾ?"

ಗಿರಿಜಾಂಬಾ ಉತ್ತರಕ್ಕೆ ತಡಮಾಡಲಿಲ್ಲ. "ಹದಿನೆಂಟಕ್ಕೆ ಈ ಮನೆಗೆ ಬಂದೆ. ಇವಳು ಇಪ್ಪತ್ತೊಂದಕ್ಕೆ ಬಂದ್ಲು. ಅಡುಗೆ ನಿಮಗಾಯ್ತು, ಹಬ್ಬ ನೆಂಟರಿಗಾಯ್ತು, ಮಕ್ಕಳು ಅಂಗಡಿಗಾದ್ರು. ನಮ್ಮದೇ ಅಂತ ಏನಿತ್ತು? ಹನ್ನೊಂದರಿಂದ ಒಂದು ಗಂಟೆವರೆಗಿನ ಮಾತೊಂದಿತ್ತು. ಹೇಳಿದ್ರೆ ನೀವೂ ಬಂದು ಮಧ್ಯ ಕೂತ್ಕೊಳ್ತಿದ್ರಿ. ಅದಕ್ಕೇ ಹೇಳ್ಲಿಲ್ಲ. ಈ ಮಗು ಸಹಿ ಕೇಳಿದಾಗ್ಲೂ ಬೇಡ ಅಂದುಬಿಟ್ಟಿದ್ವಿ." ಅವರು ಸಾನ್ವಿಯ ಕಡೆ ತಿರುಗಿದರು. "ನಿನ್ ಕಾಗದ ತಾರೇ. ಇಬ್ಬರೂ ಸಹಿ ಹಾಕ್ತೀವಿ. ಇನ್ನು ಮುಚ್ಚಿಡೋದೇನಿದೆ."

ಸಾನ್ವಿಗೆ ಏಳಲಾಗಲಿಲ್ಲ. ಅಂದು ಅವರು ಸಹಿ ಹಾಕದೆ ಯಾವುದನ್ನು ಉಳಿಸಿಕೊಂಡಿದ್ದರು, ಇಂದು ಯಾವುದನ್ನು ಕಳೆದುಕೊಂಡರು ಎಂಬುದು ಒಟ್ಟಿಗೇ ಅರ್ಥವಾಯಿತು. ಇಬ್ಬರ ಮೇಲೂ ಅವಳಿಗೆ ಹೇಳಲಾರದಷ್ಟು ಪ್ರೀತಿ ಬಂತು. ಎಡಗೈಯಲ್ಲಿ ಕಣ್ಣೊರೆಸಿಕೊಂಡಳು.

ಎಲ್ಲರೂ ಈಗ ಕೈಲಾಸನನ್ನು ನೋಡುತ್ತಿದ್ದರು. ಅವನು ತಟ್ಟೆಯ ಅಂಚಿನ ಕರಿಬೇವನ್ನು ಒಂದೊಂದಾಗಿ ಪಕ್ಕಕ್ಕಿಟ್ಟ.

"ಸುಳ್ಳು ಹೇಳಿದ್ದು ತಪ್ಪು," ಎಂದ. "ಆದ್ರೆ ಇವಳು ಹೋದ್ರೆ ನನ್ ಜೊತೆ ಮಾತಾಡೋರು ಯಾರು? ನೀವೆಲ್ಲ ನನ್ ಕೈಲಿ ಹೇಳಿ ಕಳಿಸ್ತೀರ. ನನ್ ಜೊತೆ ಯಾರು ಮಾತಾಡಿದೀರ? ಸಂಜೆ ಬಂದ್ರೆ, ಅಪ್ಪ ಇವತ್ತು ಅಂಗಡೀಲಿ ಏನಾಯ್ತು ಅಂತ ಕೇಳೋಳು ಇವಳೊಬ್ಬಳೇ. ಅದಕ್ಕೇ ಬಿಡೋಕೆ ಮನಸ್ಸು ಬರ್ಲಿಲ್ಲ."

ಅದು ನಿಜವಾಗಿತ್ತು. ಶಿವರಂಜಿನಿ ಅನ್ನದ ಪಾತ್ರೆಯನ್ನು ನೆಲಕ್ಕಿಟ್ಟಳು. ಎಲ್ಲರ ಊಟವಾದ ಮೇಲೆ ಉಣ್ಣುವವಳು, ಅಂದು ತನ್ನ ತಟ್ಟೆಯನ್ನೂ ತಂದು ಗಂಡನ ಪಕ್ಕದಲ್ಲಿ ಕೂತಳು.

"ಹೇಳಿ," ಎಂದಳು. "ನಿನ್ನೆ ಅಂಗಡೀಲಿ ಏನಾಯ್ತು?"

ಕೈಲಾಸ್ ಅವಳನ್ನು ನೋಡಿದ. ತಾಯಿಯನ್ನು ನೋಡಿದ. ಅವರೂ ಕಾಯುತ್ತಿದ್ದರು. ಗಂಟಲು ಸರಿ ಮಾಡಿಕೊಂಡು, ನಿನ್ನೆ ತೊಗರಿ ಲಾರಿ ತಿರುವಿನಲ್ಲಿ ಸಿಕ್ಕಿಕೊಂಡದ್ದು, ಹಮಾಲಿ ಓಬಳಪ್ಪ ಡ್ರೈವರನನ್ನು ಕೆಳಗಿಳಿಸಿ ತಾನೇ ಸ್ಟೇರಿಂಗ್ ಹಿಡಿದದ್ದು, ಎಲ್ಲವನ್ನೂ ಹೇಳತೊಡಗಿದ. ಮೊದಲು ತಡವರಿಸಿದ, ಆಮೇಲೆ ಕೈ ಆಡಿಸಿ ಹೇಳಿದ. ತಾತ ನಡುವೆ ಒಂದೆರಡು ಕಡೆ ತಿದ್ದಿದರು. ಅಮ್ಮ ನಕ್ಕಳು. ಲಾರಿ ಮಂಡಿಯ ಬಾಗಿಲಿಗೆ ಬಂದು ನಿಲ್ಲುವಷ್ಟರಲ್ಲಿ ಅವನ ತಟ್ಟೆ ಖಾಲಿಯಾಗಿತ್ತು.

"ಎಲ್ಲಿ, ಆ ಅರ್ಜಿ ತಾ," ಎಂದು ಮಗಳತ್ತ ಎಡಗೈ ಚಾಚಿದ.

"ಕೈ ತೊಳ್ಕೊಂಡು ಬಂದು ಸಹಿ ಹಾಕು," ಎಂದರು ಗಿರಿಜಾಂಬಾ.

"ಕೈ ತೊಳ್ಕೊಂಡು ಬನ್ನಿ," ಎಂದಳು ಶಿವರಂಜಿನಿ.

ಇಬ್ಬರೂ ಒಂದೇ ಉಸಿರಿಗೆ, ನೇರವಾಗಿ ಅವನಿಗೇ ಹೇಳಿದ್ದರು. ಕೈಲಾಸ್ ಎದ್ದು ಹೋಗಿ ನಲ್ಲಿ ತಿರುಗಿಸಿದ. ನೀರು ಬಹಳ ಹೊತ್ತು ಹರಿಯಿತು. ಮುಖವನ್ನೂ ತೊಳೆದುಕೊಂಡು ಬಂದು, ಮಗಳಿಗೆ ಪೆನ್ನು ಕೇಳಿದ.